ಕಾಯಿದೆಯ ಕೊಬ್ಬು

ದಾವಣಗೆರೆಯ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬರುವ ಸೋಮವಾರದಿಂದ ದೋಸೆಯ ಮೇಲೆ ಇಡುವ ಬೆಣ್ಣೆ ಮುದ್ದೆಯು ಹುಣಸೆ ಬೀಜದ ಗಾತ್ರವನ್ನು ಮೀರತಕ್ಕದ್ದಲ್ಲ. ಸದರಿ ಹುಣಸೆ ಬೀಜವು ಮಧ್ಯಮ ಗಾತ್ರದ್ದಾಗಿರತಕ್ಕದ್ದು. ಮಾದರಿ ಬೀಜವನ್ನು ಕೊಬ್ಬು ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಲಾಗಿದ್ದು, ಸಾರ್ವಜನಿಕರು ಕಚೇರಿ ವೇಳೆಯಲ್ಲಿ ಬಂದು ನೋಡಿಕೊಂಡು ಹೋಗಬಹುದು. ಮುಟ್ಟತಕ್ಕದ್ದಲ್ಲ.

ಇಷ್ಟನ್ನು ಕೂಗಿ ಮಂಡಳಿಯ ಆಟೋ ಮುಂದಿನ ಓಣಿಗೆ ತಿರುಗಿತು. ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ ಕೊಟ್ರೇಶಿ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು.

"ಕೇಳಿದೇನು ಮಂಗಳಾ? ಇವತ್ತು ಹುಣಸೆ ಬೀಜ. ನಾಳೆ ಸಾಸಿವೆ ಕಾಳು ಅಂತಾರೆ. ನಾಡಿದ್ದು ಬೆಣ್ಣೆ ಫೋಟೋ ತೋರಿಸಿ ದೋಸೆ ತಿನ್ರಿ ಅಂತಾರೆ."

"ನಿಮಗೇನಾಗಬೇಕ್ರೀ ಅದು? ನಿಮ್ಮನ್ನ ಹೋಟ್ಲಾಗೆ ಬಿಟ್ಟುಕೊಂಡ್ರಲ್ವಾ ಬೆಣ್ಣೆ ಮಾತು," ಎಂದರು ಹೆಂಡತಿ ಸರ್ವಮಂಗಳಾ, ಹಾಲಿನ ಉರಿ ಸಣ್ಣ ಮಾಡುತ್ತಾ. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

ಮೊದಲೆಲ್ಲ ಕೊಬ್ಬು ಎಂದರೆ ಸೊಕ್ಕು. ಅದನ್ನು ಇಳಿಸಲು ಮೇಷ್ಟ್ರು, ಪೊಲೀಸರು, ಹೆಚ್ಚೆಂದರೆ ಅತ್ತೆ ಸಾಕಾಗುತ್ತಿದ್ದರು. ಊರಿನ ಗಂಡಸರು ಹೆಂಗಸರು ಸಾಲಾಗಿ ಎದೆ ಹಿಡಿದುಕೊಂಡು ಬೀಳತೊಡಗಿದ ಮೇಲೆ ಅದಕ್ಕೊಂದು ಮಂಡಳಿ ಬಂತು. ಮಂಡಳಿಯ ಜೊತೆ ಕೊಬ್ಬುಗಡಗ ಬಂತು. ಮಣಿಕಟ್ಟಿಗೆ ಹಾಕಿದ ಈ ಕಡಗ ಚರ್ಮದ ಮೂಲಕವೇ ಬೆಳಕು ಬಿಟ್ಟು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಅಳೆದು, ಮಂಡಳಿಯ ಯಂತ್ರಕ್ಕೆ ಚಾಡಿ ಹೇಳುತ್ತದೆ. ಯಂತ್ರ ಬಣ್ಣ ಕೊಡುತ್ತದೆ. ಹಸಿರಿದ್ದರೆ ಹೋಟೆಲಿನ ಬಾಗಿಲು ತೆರೆಯುತ್ತದೆ. ಹಳದಿಗೆ ಇಡ್ಲಿ ಮಾತ್ರ. ಕೆಂಪಾದರೆ ಹೋಟೆಲೂ ಇಲ್ಲ, ಮದುವೆ ಊಟವೂ ಇಲ್ಲ. ಅಕ್ಷತೆ ಹಾಕಿ ಹಿಂದಿನ ಬಾಗಿಲಿಂದ ಮನೆಗೆ.

ಕೊಟ್ರೇಶಿಯವರ ಕಡಗ ಎರಡು ವರ್ಷದಿಂದ ಕೆಂಪು. ಜೀವಮಾನವೆಲ್ಲ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಕಳೆದ ಮನುಷ್ಯನಿಗೆ, ನಿವೃತ್ತಿಯಾಗಿ ಕೂತ ಮೇಲೆ ಹೃದಯ ಕೈಕೊಟ್ಟಿತ್ತು. ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಕೊಬ್ಬಿನ ಮಾತ್ರೆ ಎಲ್ಲರಿಗೂ ಒಗ್ಗುತ್ತದೆ, ಇವರಿಗೆ ಒಗ್ಗಲಿಲ್ಲ. ತೊಡೆ, ಮೀನಖಂಡ ಎಲ್ಲ ಹಿಂಡಿ ಹಾಕಿದಂತೆ ನೋವು. ಡಾಕ್ಟರು ನಾಲ್ಕು ಬಗೆಯ ಮಾತ್ರೆ ಬದಲಿಸಿ ಕೈಚೆಲ್ಲಿದ್ದರು. "ಮಾತ್ರೆ ನುಂಗಿದ್ರೆ ಕೊಬ್ಬು ಇಳೀತತಿ, ಆದ್ರೆ ನಾನು ಮೆಟ್ಲು ಇಳಿಯಂಗಿಲ್ಲ," ಎನ್ನುತ್ತಿದ್ದರು ಅವರು.

ಭಾನುವಾರದ ಬೆಳಿಗ್ಗೆ ಹಳೆಯ ಡಿಪೋ ಗೆಳೆಯರು ಚೌಡಪ್ಪನ ದೋಸೆ ಹೋಟೆಲಿನಲ್ಲಿ ಕೂಡುತ್ತಿದ್ದರು. ಕೊಟ್ರೇಶಿ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಕಿಟಕಿಯಿಂದಲೇ ಹರಟೆಗೆ ಸೇರುತ್ತಿದ್ದರು. ಅದನ್ನೂ ಸಹಿಸಬಹುದಿತ್ತು. ಆದರೆ ಈ ಸಲ ಮಂಡಳಿಯ ನೋಟೀಸು ಬಂದಿತ್ತು: ದೀಪಾವಳಿಯ ಹೊತ್ತಿಗೆ ಕೆಂಪು ಇಳಿಯದಿದ್ದರೆ ಆರು ತಿಂಗಳು ಪಥ್ಯಾಲಯ.

ಪಥ್ಯಾಲಯ ಎಂದರೆ ಏನೆಂದು ಅವರ ಮನೆಯಲ್ಲಿ ಗೊತ್ತಿತ್ತು. ಗೆಳೆಯ ಪರಮೇಶಿ ಅಲ್ಲಿಗೆ ಹೋಗಿ ಬಂದಿದ್ದ. ಹೋಗುವಾಗ ಇಡೀ ಓಣಿಗೆ ಕೇಳುವಂತೆ ನಗುತ್ತಿದ್ದವನು ಹಸಿರು ಕಡಗ ಹಾಕಿಕೊಂಡು ಹುಲ್ಲುಕಡ್ಡಿಯಾಗಿ ಬಂದ. ಈಗ ಹೆಂಡತಿ ಅನ್ನ ಬಡಿಸಿದರೆ, "ಇದು ನನಗೇ ಏನ್ರಿ?" ಎಂದು ಕೇಳಿ ತಿನ್ನುತ್ತಾನೆ. ನಗುವುದನ್ನು ಅಲ್ಲೇ ಬಿಟ್ಟು ಬಂದಿದ್ದಾನೆ.

"ನನಗೆ ಸಾಯೋದಕ್ಕೆ ಹೆದರಿಕಿಲ್ಲ ಮಂಗಳಾ," ಎಂದಿದ್ದರು ಕೊಟ್ರೇಶಿ ಒಂದು ಸಂಜೆ. "ಪರಮೇಶಿ ಆಗಿ ಬದುಕೋದಕ್ಕೆ ಹೆದರಿಕಿ."

ಸರ್ವಮಂಗಳಾ ಹುಳಿ ಪದಾರ್ಥಗಳ ಸಂಶೋಧನಾಲಯದಲ್ಲಿ ಹಿರಿಯ ವಿಜ್ಞಾನಿ. ಸರ್ಕಾರ ಸಂಬಳ ಕೊಟ್ಟು ಹುಳಿ ಹಿಂಡಿಸುವ ಕಚೇರಿ ಬೇರೆ ಇದ್ದಿರಬಹುದು, ಬೋರ್ಡು ಹಾಕಿಕೊಂಡಿದ್ದದ್ದು ಅದೊಂದೇ. ದೋಸೆ ಹಿಟ್ಟು, ಅಂಬಲಿ, ಮಜ್ಜಿಗೆ, ಉಪ್ಪಿನಕಾಯಿ, ಹೀಗೆ ಜಿಲ್ಲೆಯಲ್ಲಿ ಹುಳಿ ಬಂದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಕೊಬ್ಬು ಇಳಿಸುವ ಜೀವಾಣುವನ್ನು ಇಷ್ಟು ವರ್ಷ ಹುಡುಕಿದ ಅವರಿಗೆ ಅದು ಸಿಕ್ಕಿದ್ದು ಕೊನೆಗೆ ತಮ್ಮದೇ ಅಡುಗೆಮನೆಯಲ್ಲಿ. ತೀರಿಹೋದ ಅತ್ತೆ ಬೆಣ್ಣೆ ಕಡೆಯಲು ಇಟ್ಟುಕೊಂಡಿದ್ದ ಹೆಪ್ಪು, ಮೊಸರಿನಿಂದ ಮೊಸರಿಗೆ ದಾಟುತ್ತಾ ಇನ್ನೂ ಬದುಕಿತ್ತು. ಅದರೊಳಗೊಂದು ಬ್ಯಾಕ್ಟೀರಿಯಾ. ಕಡತದಲ್ಲಿ ಅದಕ್ಕೊಂದು ಉದ್ದನೆಯ ಸಂಖ್ಯೆಯಿತ್ತು. ಕಿರಿಯ ವಿಜ್ಞಾನಿ ಶಾಹಿದಾ ಅದನ್ನು ಹೆಪ್ಪಣ್ಣ ಎಂದು ಕರೆದಳು, ಅದೇ ಉಳಿಯಿತು. ಬೆಣ್ಣೆ ತಂದಿಟ್ಟ ರೋಗಕ್ಕೆ ಬೆಣ್ಣೆಯ ತವರಲ್ಲೇ ಮದ್ದು ಸಿಕ್ಕಂತಾಗಿತ್ತು.

"ಅದೇನು ಮಾಡ್ತತಿ ಅಂತ ನನಗೆ ತಿಳಿಯಂಗೆ ಹೇಳು," ಎಂದು ಕೊಟ್ರೇಶಿ ಕೇಳಿದ್ದರು.

"ನಿಮ್ಮ ಭಾಷೇಲೇ ಹೇಳ್ತೀನಿ. ಪಿತ್ತಕೋಶದಿಂದ ಪಿತ್ತರಸ ದಿನಾ ಕರುಳಿಗೆ ಡ್ಯೂಟಿಗೆ ಹೋಗ್ತತಿ. ಜಿಡ್ಡು ಕರಗಿಸಿ ವಾಪಸ್ ಬರ್ತತಿ. ಅದೇ ಪಿತ್ತರಸ ಮತ್ತೆ ಮತ್ತೆ ಓಡಾಡ್ತತಿ."

"ಪಾಸ್ ಇಟ್ಕೊಂಡಂಗೆ."

"ಹೂಂ, ಪಾಸ್. ಹೆಪ್ಪಣ್ಣ ಕರುಳಾಗೆ ಕೂತು ಆ ಪಾಸ್ ಹರಿದು ಹಾಕ್ತಾನೆ. ಪಿತ್ತರಸ ವಾಪಸ್ ಬರಂಗಿಲ್ಲ, ಹೊರಗೆ ಹೋಗ್ತತಿ. ಲಿವರು ಹೊಸ ಪಿತ್ತರಸ ಮಾಡ್ಬೇಕು. ಅದಕ್ಕೆ ಕೊಲೆಸ್ಟ್ರಾಲ್ ಬೇಕು. ರಕ್ತದಾಗಿಂದ ಎಳ್ಕೊಳ್ತತಿ. ರಕ್ತದಾಗೆ ಕಮ್ಮಿ ಆಗ್ತತಿ."

ಕೊಟ್ರೇಶಿ ಬಹಳ ಹೊತ್ತು ಯೋಚಿಸಿದರು. "ಹಂಗಾದ್ರೆ ಹೆಪ್ಪಣ್ಣ ಕಂಡಕ್ಟ್ರು ಅಲ್ಲ, ಚೆಕಿಂಗ್ ಇನ್‌ಸ್ಪೆಕ್ಟ್ರು. ನಮಗಾಗದ ಜಾತಿ. ಆದ್ರೂ ಕರಿ, ಒಳಗೆ ಬರಲಿ."

ಮೊದಲ ಪ್ರಯೋಗಕ್ಕೆ ಊರಿನ ಕೆಂಪು ಕಡಗದವರನ್ನೇ ಆರಿಸಿದರು. ಕೊಟ್ರೇಶಿಯವರೂ ಅದರಲ್ಲೊಬ್ಬರು, ಹೆಂಡತಿಯ ಪ್ರಯೋಗಕ್ಕೆ ಒಳಗಾಗುವುದು ಅವರಿಗೆ ಹೊಸತೇನಾಗಿರಲಿಲ್ಲ. ದಿನವೂ ಸಂಶೋಧನಾಲಯದಿಂದ ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ಹೆಪ್ಪಣ್ಣನ ಮೊಸರು ಮನೆಮನೆಗೆ ಹೋಗುತ್ತಿತ್ತು. ಉಳಿದ ಕೆಲಸವನ್ನು ಯಾರಿಗಾದರೂ ಬಿಡುತ್ತಿದ್ದ ಸರ್ವಮಂಗಳಾ, ಡಬ್ಬಿಗೆ ಮುಚ್ಚಳ ಹಾಕುವ ಕೆಲಸವನ್ನು ಮಾತ್ರ ತಾವೇ ಮಾಡುತ್ತಿದ್ದರು.

ಮಳೆಗಾಲ ಹಿಡಿಯುವಷ್ಟರಲ್ಲಿ ಕಡಗಗಳು ಹಳದಿಯಾದವು, ಆಮೇಲೆ ಹಸಿರು. ಆ ಭಾನುವಾರ ಚೌಡಪ್ಪನ ಹೋಟೆಲಿನ ಬಾಗಿಲಿಗೆ ಕೊಟ್ರೇಶಿ ಕೈ ಒಡ್ಡಿದರು. ಬಾಗಿಲು ತೆರೆಯಿತು. ಒಳಗಿದ್ದವರೆಲ್ಲ ಎದ್ದು ನಿಂತರು.

"ಮುಂದೆ ಬರ್ರಿ, ಮುಂದೆ ಬರ್ರಿ, ಒಳಗೆ ಜಾಗ ಐತಿ!" ಎಂದು ಯಾರೋ ಕೂಗಿದರು.

ಚೌಡಪ್ಪ ತಾನೇ ತಟ್ಟೆ ತಂದಿಟ್ಟ. ಕಾವಲಿಯಿಂದ ಆಗಷ್ಟೇ ಎದ್ದ ದೋಸೆ, ಅದರ ಮೇಲೆ ಕಾಯಿದೆಯ ಪ್ರಕಾರ ಒಂದು ಹುಣಸೆ ಬೀಜ ಬೆಣ್ಣೆ. ಕೊಟ್ರೇಶಿ ಅದು ಕರಗುವುದನ್ನೇ ನೋಡುತ್ತಾ ಕೂತರು. ಪರಮೇಶಿ ಎದುರಿಗೆ ಕೂತಿದ್ದ. ಅವನೂ ಅದನ್ನೇ ನೋಡುತ್ತಿದ್ದ. ಯಾಕೋ ಸ್ವಲ್ಪ ನಕ್ಕ ಹಾಗಿತ್ತು.

ಮಂಡಳಿಯ ಆಯುಕ್ತ ವಜ್ರಕುಮಾರ್ ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿದರು. ಕೆಟ್ಟವರಲ್ಲ, ದಣಿದ ಮನುಷ್ಯ. ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕಿ ಗುಂಡಿ ಬಿಗಿದಿರುತ್ತಿದ್ದರು. ಕಡಗ ಯಾರಿಗೂ ಕಾಣುತ್ತಿರಲಿಲ್ಲ.

"ಇಡೀ ಊರಿಗೆ ಕೊಡೋಣ ಮೇಡಂ," ಎಂದರು. "ಆಮೇಲೆ ಇಡೀ ರಾಜ್ಯಕ್ಕೆ. ಮನೆ ಮನೆಗೆ ಹೆಪ್ಪು. ಪಥ್ಯಾಲಯಗಳಿಗೆಲ್ಲ ಬೀಗ ಹಾಕಿಬಿಡಬಹುದು."

ಬೀಗದ ಮಾತು ಕೇಳಿ ಸರ್ವಮಂಗಳಾ ಅಂದು ಮನೆಗೆ ಬೇಗ ಬಂದು ಪಾಯಸ ಮಾಡಿದರು. ಸಕ್ಕರೆ ಹಾಕಲಿಲ್ಲ.

ಕಡತ ಎದ್ದು ನಡೆಯಲಾರಂಭಿಸಿತು. ಹೆಪ್ಪಣ್ಣ ಜೀವಂತ ಪ್ರಾಣಿಯಾದ್ದರಿಂದ ಒಂದು ಕಚೇರಿ ಅದನ್ನು ಪಶು ವಿಭಾಗಕ್ಕೆ ಕಳಿಸಿತು. ಪ್ರತಿ ಜೀವಿಯ ಕಿವಿಗೂ ಓಲೆ ಹಾಕಿಸಿ ವರದಿ ಕೊಡಿ ಎಂದು ಅಲ್ಲಿಂದ ಉತ್ತರ ಬಂತು. ಚಮಚಕ್ಕೆ ನೂರು ಕೋಟಿ ಜೀವಿಗಳಿವೆ, ಅವಕ್ಕೆ ಕಿವಿಯಿಲ್ಲ ಎಂದು ಶಾಹಿದಾ ಬರೆದಳು. ಕಿವಿ ಇಲ್ಲದ ಬಗ್ಗೆ ಪಶುವೈದ್ಯರ ದೃಢೀಕರಣ ಕೇಳಿದರು. ಅದೂ ಆಯಿತು. ಕೊನೆಗೆ ಊರಾಚೆಯ ಘಟಕದಲ್ಲಿ ಮನುಷ್ಯರ ಕೈ ತಾಗದ ಯಂತ್ರ ಕೂತಿತು. ಯಂತ್ರವೇ ಹೆಪ್ಪು ಹಾಕಿ, ಯಂತ್ರವೇ ಪ್ಲಾಸ್ಟಿಕ್ ಡಬ್ಬಿ ತುಂಬಿ, ಯಂತ್ರವೇ ಮುಚ್ಚಿತು. ಮೊದಲ ಪ್ರಯೋಗದವರಿಗೂ ಇನ್ನು ಅದೇ ಡಬ್ಬಿ. ಊರಿಗೆ ಊರೇ ಹೆಪ್ಪಣ್ಣನನ್ನು ಕುಡಿಯತೊಡಗಿತು.

ಕೊಟ್ರೇಶಿ ಒಬ್ಬರೇ ತಕರಾರು ತೆಗೆದರು. "ಅದು ಪ್ಲಾಸ್ಟಿಕ್ ನಾತ ಹೊಡೀತತಿ. ನನಗೆ ನಿಮ್ಮ ಲ್ಯಾಬಿಂದೇ ತಂದುಕೊಡು." ಹಾಗಾಗಿ ಸರ್ವಮಂಗಳಾ ಸಂಜೆ ಸ್ಕೂಟರಿನಲ್ಲಿ ಹಳೆಯ ಸ್ಟೀಲ್ ಡಬ್ಬಿಯಲ್ಲೇ ಮೊಸರು ಒಯ್ಯುತ್ತಿದ್ದರು.

ಒಂದು ತಿಂಗಳಾಯಿತು. ಒಂದು ಮಧ್ಯಾಹ್ನ ಶಾಹಿದಾ ಪರದೆಯ ಮುಂದಿನಿಂದ ಏಳಲೇ ಇಲ್ಲ.

"ಊಟಕ್ಕೆ ಬಾರೇ."

"ಮೇಡಂ, ಇಲ್ಲಿ ನೋಡ್ರಿ ಒಂಚೂರು. ಯಾರದ್ದೂ ಇಳೀತಿಲ್ಲ. ಮೊದ್ಲು ಹಸಿರಾಗಿದ್ದೋರೂ ವಾಪಸ್ ಹಳದಿ ಆಗ್ಯಾರೆ." ಶಾಹಿದಾ ತಡೆದು, ದನಿ ತಗ್ಗಿಸಿದಳು. "ಒಬ್ಬರದ್ದು ಮಾತ್ರ ಇಳೀತಾನೇ ಐತಿ."

"ಯಾರದ್ದು?"

"ನಿಮ್ಮನೆಯವ್ರದ್ದು."

ಸರ್ವಮಂಗಳಾ ಕುರ್ಚಿಯ ಮೇಲೆ ಕೂತರು. ಇಡೀ ಊರಿಗೆ ನೀರು ಮಜ್ಜಿಗೆ, ಗಂಡನಿಗೆ ಗಟ್ಟಿ ಮೊಸರು ಎಂದು ಜನ ಆಡುವುದು ಆಗಲೇ ಅವರ ಕಿವಿಗೆ ಕೇಳಿಸಿತು. ಅದಕ್ಕಿಂತ ಹೆದರಿಕೆಯ ವಿಷಯ ಬೇರೆಯಿತ್ತು. ಹೆಪ್ಪಣ್ಣ ಬಂದನೆಂದು ಊರಿನ ಜನ, ಮಂಡಳಿ ಬೇಡ ಬೇಡವೆಂದರೂ, ಮಾತ್ರೆ ಬಿಟ್ಟಿದ್ದರು. ಹಿಂದಿನ ಓಣಿಯ ಟೈಲರ್ ಎದೆನೋವೆಂದು ಆಸ್ಪತ್ರೆ ಸೇರಿ ಎರಡು ದಿನವಾಗಿತ್ತು.

ಯಂತ್ರದ ಮೊಸರನ್ನೂ ಲ್ಯಾಬಿನ ಮೊಸರನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಅದೇ ಹಾಲು, ಅದೇ ಹೆಪ್ಪಣ್ಣ, ಅದೇ ಸಂಖ್ಯೆ. ಜಠರದಷ್ಟು ಹುಳಿಯಾದ ದ್ರವದಲ್ಲಿ ಎರಡೂ ಕಡೆಯ ಹೆಪ್ಪಣ್ಣಂದಿರು ಗಂಟೆಯೊಳಗೆ ಸತ್ತರು. ಅಂದರೆ ಕರುಳಿನವರೆಗೆ ಅವನು ತಲುಪುವಂತೆಯೇ ಇರಲಿಲ್ಲ. ಹಾಗಾದರೆ ಮೊದಲು ಹೇಗೆ ತಲುಪಿದ?

ಉತ್ತರ ಸಿಕ್ಕಿದ್ದು ಅಂದು ಸಂಜೆ, ಮನೆಯಲ್ಲಿ, ಕೊಟ್ರೇಶಿಯವರ ದವಡೆಯಲ್ಲಿ.

ಮೊಸರು ತಿನ್ನುವಾಗ "ಕಟ್" ಎಂದಿತು. ಅವರು ಬಾಯೊಳಗೆ ಬೆರಳು ಹಾಕಿ ಕಪ್ಪು ಚೂರೊಂದನ್ನು ತೆಗೆದು ಬೆಳಕಿಗೆ ಹಿಡಿದರು.

"ನಮ್ಮವ್ವ ಹೋಗಿ ಎಷ್ಟು ವರ್ಷ ಆತು. ಆಕಿ ಹೇಳಿಕೊಟ್ಟ ಇದ್ದಿಲು ಇನ್ನೂ ನನ್ನ ಹಲ್ಲು ಮುರೀತತಿ ನೋಡು. ಅಲ್ಲ ಮಂಗಳಾ, ಇಷ್ಟು ದೊಡ್ಡ ವಿಜ್ಞಾನಿ ನೀನು, ಮೊಸರಿಗೆ ದಿಷ್ಟಿ ಆಗ್ತತಿ ಅಂತ ಇದ್ಲು ಹಾಕ್ತೀಯಲ್ಲ?"

ಸರ್ವಮಂಗಳಾ ಸೌಟು ಕೆಳಗಿಟ್ಟು ಆ ಚೂರನ್ನು ಅಂಗೈಗೆ ತೆಗೆದುಕೊಂಡರು.

ಹಾಲು ಮೊಸರು ಹೊಸ್ತಿಲು ದಾಟುವಾಗ ಒಂದು ಚೂರು ಇದ್ದಿಲು ಹಾಕಬೇಕು, ಕಂಡವರ ಕಣ್ಣು ಬೀಳಬಾರದು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟದ್ದು. ನಂಬಿಕೆ ಎಂದೋ ಹೋಗಿತ್ತು, ಕೈಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಲ್ಯಾಬಿನ ಎದುರಿನ ಇಸ್ತ್ರಿ ಅಂಗಡಿಯ ಇದ್ದಿಲ ಚೂರುಗಳು ಅವರ ಮೇಜಿನ ಖಾನೆಯಲ್ಲಿ ಕನ್ನಡಕದ ಪಕ್ಕದಲ್ಲಿರುತ್ತಿದ್ದವು. ಮೊದಲ ಪ್ರಯೋಗದಲ್ಲಿ ಮುಚ್ಚಳ ಹಾಕುವ ಮುಂಚೆ ಪ್ರತಿ ಡಬ್ಬಿಗೂ ಕೈ ತಾನಾಗಿ ಒಂದೊಂದನ್ನು ಹಾಕಿತ್ತು. ದಾರಿಯಲ್ಲಿ ಅಲುಗಾಡಿ ಪುಡಿಯಾಗಿ ಮೊಸರು ಕೊಂಚ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಡಬ್ಬಿಯ ಬಣ್ಣವಿರಬೇಕೆಂದು ಯಾರೂ ಕೇಳಿರಲಿಲ್ಲ. ಯಂತ್ರಕ್ಕೆ ದೃಷ್ಟಿಯ ಭಯವಿಲ್ಲ; ಅದು ಹಾಕಲಿಲ್ಲ. ಲ್ಯಾಬಿನಲ್ಲಿ ಪರೀಕ್ಷಿಸಿದ ಮೊಸರು ಹೊಸ್ತಿಲನ್ನೇ ದಾಟಿರಲಿಲ್ಲ, ಅದಕ್ಕೂ ಬಿದ್ದಿರಲಿಲ್ಲ.

ಮರುದಿನ ಸೂಕ್ಷ್ಮದರ್ಶಕದಲ್ಲಿ ಶಾಹಿದಾ ಇದ್ದಿಲ ಚೂರು ನೋಡಿ ಕೂಗಿಯೇಬಿಟ್ಟಳು. ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳು, ಒಂದೊಂದರೊಳಗೂ ಹೆಪ್ಪಣ್ಣನ ಸಂಸಾರ. ಹುಳಿಯಲ್ಲಿ ಅದ್ದಿದರೂ ಒಳಗಿನವರು ಸಾಯಲಿಲ್ಲ. ಒಣಗಿಸಿ ಮತ್ತೆ ಹಾಲಿಗೆ ಹಾಕಿದರೆ ಎದ್ದು ಬಂದರು.

"ಹೆಪ್ಪಣ್ಣಗೆ ಬಾಡಿಗೆ ಮನಿ ಬೇಕಾಗಿತ್ತು ಮೇಡಂ, ಅಷ್ಟೇ!" ಎಂದ ಶಾಹಿದಾ ಮರುಕ್ಷಣವೇ ಸಪ್ಪಗಾದಳು. "ಈಗಲೇ ಹೇಳ್ಬೇಡ್ರಿ ಮೇಡಂ. ದೀಪಾವಳಿಗೆ ಇನ್ನು ಎರಡು ವಾರ ಅಷ್ಟೇ. ಅಂಕಲ್‌ದು ಹಸಿರಾಗೇ ಇರಲಿ. ಪಥ್ಯಾಲಯದ ಪಟ್ಟಿ ಹೊರಬಿದ್ದ ಮೇಲೆ ಹೇಳಿದ್ರಾತು."

"ಅಷ್ಟರಾಗೆ ಎಷ್ಟು ಮಂದಿ ಟೈಲರ್‌ಗಳು ಬೀಳ್ತಾರೆ?"

ಶಾಹಿದಾ ಫಲಿತಾಂಶದ ಹಾಳೆಗಳನ್ನು ಜೋಡಿಸತೊಡಗಿದಳು.

ಮನೆಯಲ್ಲಿ ಹೇಳಿದಾಗ ಕೊಟ್ರೇಶಿ ಮೊಸರಿನ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಆಮೇಲೆ, "ಟಿಕೆಟ್ ತಗೊಂಡೋರನ್ನೆಲ್ಲ ತಪ್ಪು ಬಸ್ಸಿಗೆ ಹತ್ತಿಸಿ ನಾನೊಬ್ನೇ ಊರು ಮುಟ್ಟಿದ್ರೆ ಏನು ಬಂತು? ಹೋಗಿ ಹೇಳು," ಎಂದರು. ಕಡಗವನ್ನು ಒಮ್ಮೆ ಅಂಗಿಯ ಅಂಚಿನಿಂದ ಒರೆಸಿದರು.

ಬೆಂಗಳೂರಿನ ಸಭೆಯಲ್ಲಿ ಸರ್ವಮಂಗಳಾ ಎಲ್ಲವನ್ನೂ ಹೇಳಿದರು. ಡಬ್ಬಿಗಳನ್ನು ಇಂದೇ ನಿಲ್ಲಿಸಿ, ಜನರಿಗೆ ಮಾತ್ರೆ ಮತ್ತೆ ಶುರುಮಾಡಲು ಹೇಳಿ, ಯಂತ್ರಕ್ಕೆ ಇದ್ದಿಲ ಪುಡಿ ಸೇರಿಸಿದರೆ ಯೋಜನೆ ಮತ್ತೆ ನಡೆಯುತ್ತದೆ ಎಂದರು. ಆಯುಕ್ತರು ಮೊದಲೆರಡನ್ನು ಅಲ್ಲೇ ಫೋನಿನಲ್ಲಿ ಮಾಡಿ ಮುಗಿಸಿದರು. ಮೂರನೆಯದಕ್ಕೆ ಪಕ್ಕದಲ್ಲಿದ್ದ ಕಾನೂನು ಸಲಹೆಗಾರರ ಮುಖ ನೋಡಿದರು.

"ಪ್ರಯೋಗದ ವಿವರಣೆಯಲ್ಲಿ ಇದ್ದಿಲಿನ ಪ್ರಸ್ತಾಪ ಇದೆಯೇ ಮೇಡಂ?" ಎಂದರು ಸಲಹೆಗಾರರು.

"ಇಲ್ಲ."

"ಏಕೆ ಬರೆದಿಲ್ಲ?"

"ದೃಷ್ಟಿಗೆ ಹಾಕಿದ್ದು. ದೃಷ್ಟಿಗೆ ಹಾಕಿದ್ದನ್ನ ಯಾರು ಬರೀತಾರೆ ಸರ್?"

"ಇದ್ದಿಲು ಆಹಾರವಲ್ಲ. ನಮ್ಮ ಕಾಯಿದೆಯಲ್ಲಿ ಅದು ಇಂಧನ. ಇಂಧನ ಬೆರೆತ ಮೊಸರನ್ನು ಆಹಾರವೆಂದು ಹಂಚಿದರೆ ಕಲಬೆರಕೆ. ಇಂಧನವೆಂದು ಹಂಚಿದರೆ ಕುಡಿಯುವ ಹಾಗಿಲ್ಲ."

"ಕಾಯಿದೆ ತಿದ್ದಬಹುದಲ್ಲ?"

"ಖಂಡಿತ ತಿದ್ದಬಹುದು," ಎಂದು ಅವರು ಬಹಳ ಸಂತೋಷದಿಂದ ಹೇಳಿದರು. "ನಾಲ್ಕೈದು ವರ್ಷ."

ಆಯುಕ್ತರು ಕಣ್ಣು ಮುಚ್ಚಿಕೊಂಡರು. ಹೊರಗೆ ಬಿಡಲು ಬಂದಾಗ ತೋಳಿನ ಗುಂಡಿ ಬಿಚ್ಚಿ ಒಮ್ಮೆ ಮೇಲೆ ಸರಿಸಿ ತೋರಿಸಿದರು. ಕೆಂಪು. "ನನಗೂ ಬೇಕಿತ್ತು ಮೇಡಂ," ಎಂದು ಗುಂಡಿ ಹಾಕಿಕೊಂಡರು.

ಎರಡು ದಿನಕ್ಕೆ ಆದೇಶ ಹೊರಬಿತ್ತು. ಇದ್ದಿಲು ಆಹಾರವಲ್ಲವಾದ್ದರಿಂದ ಮನೆ ಮನೆಗೆ ಹೆಪ್ಪು ಯೋಜನೆಯನ್ನು ಕೈಬಿಡಲಾಗಿದೆ. ಮಂಡಳಿಯು ಅಂಗೀಕರಿಸದ ವಿಧಾನದಿಂದ ಇಳಿದ ಕೊಬ್ಬನ್ನು ಇಳಿದ ಕೊಬ್ಬೆಂದು ಪರಿಗಣಿಸತಕ್ಕದ್ದಲ್ಲ. ಪ್ರಯೋಗದಲ್ಲಿ ಭಾಗವಹಿಸಿದ ಎಲ್ಲರ ಕಡಗಗಳನ್ನು ಪ್ರಯೋಗದ ಹಿಂದಿನ ದಿನದ ಬಣ್ಣಕ್ಕೆ ಮರಳಿಸತಕ್ಕದ್ದು.

ಭಾನುವಾರ ಕೊಟ್ರೇಶಿ ಚೌಡಪ್ಪನ ಹೋಟೆಲಿನ ಬಾಗಿಲಿಗೆ ಕೈ ಒಡ್ಡಿದರು. ಬಾಗಿಲು ಅಲ್ಲಾಡಲಿಲ್ಲ. ಮಣಿಕಟ್ಟಿನ ಮೇಲೆ ಕೆಂಪು ಮಿನುಗಿತು.

"ಅಣ್ಣಾ, ಆ ಬಾಗ್ಲು ಒದ್ದು ಬಿಡ್ಲಾ?" ಎಂದ ಚೌಡಪ್ಪ ಒಳಗಿನಿಂದ.

"ಬ್ಯಾಡಪ್ಪ, ನಿನ್ನ ಲೈಸೆನ್ಸ್ ಹೋಗ್ತತಿ. ನನ್ನ ರಕ್ತಕ್ಕೆ ಗೊತ್ತೈತಿ ಕೊಬ್ಬು ಇಳಿದೈತಿ ಅಂತ. ಇಳೀದೇ ಇರೋದು ಕಾಯಿದೆದು." ಅವರು ಕಲ್ಲುಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಪರಮೇಶಿ ತನ್ನ ತಟ್ಟೆ ಅಲ್ಲೇ ಬಿಟ್ಟು, ಹೊರಗೆ ಬಂದು, ಪಕ್ಕದಲ್ಲಿ ಕೂತ. ಯಾರನ್ನೂ ಕೇಳಲಿಲ್ಲ.

ಆ ವಾರ ಸರ್ವಮಂಗಳಾ ಇಸ್ತ್ರಿ ಅಂಗಡಿಯಿಂದ ಒಂದು ಚೀಲ ಇದ್ದಿಲು ತಂದು, ತೊಳೆದು, ಅತ್ತೆಯ ಹೆಪ್ಪಿನ ಗಡಿಗೆಯಲ್ಲಿ ನೆನೆಹಾಕಿದರು. ಆಮೇಲೆ ತೆಳು ಬಟ್ಟೆಯ ಮೇಲೆ ಹರವಿ ನೆರಳಲ್ಲಿ ಒಣಗಿಸಿದರು. ಕೊಟ್ರೇಶಿ ನೋಡುತ್ತಾ ಕೂತಿದ್ದರು.

ದೀಪಾವಳಿಯ ಮರುದಿನ ಬೆಳಿಗ್ಗೆ ಪಥ್ಯಾಲಯದ ವ್ಯಾನು ಬಾಗಿಲಿಗೆ ಬಂತು. ಕಾವಲಿನವನು ಚೀಲ ಬಿಚ್ಚಿ ಒಂದೊಂದನ್ನೇ ತೆಗೆದ. ಪಂಚೆ, ಟವೆಲು, ಔಷಧಿ. ಚಕ್ಕುಲಿಯ ಪೊಟ್ಟಣ ಪಕ್ಕಕ್ಕಿಟ್ಟ. ಮೊಸರಿನ ಡಬ್ಬಿ ಪಕ್ಕಕ್ಕಿಟ್ಟ. ತಳದಲ್ಲಿ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಕಪ್ಪು ಚೂರುಗಳು.

"ಏನವ್ವಾ ಇದು?"

"ಇದ್ಲಪ್ಪ. ಮನುಷ್ಯ ಹೊಸ್ತಿಲು ದಾಟ್ತಾ ಇದಾನೆ. ದಿಷ್ಟಿ ಆಗಬಾರದು."

"ಇಷ್ಟೊಂದಾ?"

"ನನ್ನ ಗಂಡನ್ನ ನೋಡಪ್ಪ ಒಮ್ಮೆ," ಎಂದರು ಸರ್ವಮಂಗಳಾ. "ಎಷ್ಟು ಮಂದಿ ಕಣ್ಣು ಬೀಳಬಹುದು."

ಅವನು ನಗದೆ ಕೈಯಲ್ಲಿದ್ದ ಯಂತ್ರದಲ್ಲಿ ಹುಡುಕಿದ. "ಆಹಾರ ಪದಾರ್ಥ ಒಯ್ಯಂಗಿಲ್ಲ ಅಂತೈತಿ. ಇದ್ಲು..." ಬೆರಳಿಂದ ಸರಿಸಿದ. "ಮಂಡಳಿ ಆದೇಶ ಬಂದೈತಿ. ಇದ್ಲು ಆಹಾರ ಅಲ್ಲ." ಗಂಟು ಕಟ್ಟಿ ಚೀಲಕ್ಕೆ ಹಾಕಿದ. "ಒಯ್ರಿ."

ಕೊಟ್ರೇಶಿ ಮೆಟ್ಟಿಲು ಇಳಿದರು, ನೋವಿಲ್ಲದೆ. ವ್ಯಾನಿನೊಳಗೆ ಆಗಲೇ ಏಳೆಂಟು ಕೆಂಪು ಕಡಗಗಳು ಕಿಟಕಿಗೆ ಒರಗಿ ಕೂತಿದ್ದವು.

"ಅಲ್ಲಪ್ಪ, ಅಲ್ಲಿ ಕೊಬ್ಬು ಇಳಿದ್ರೆ ಲೆಕ್ಕಕ್ಕೆ ಹಿಡೀತಾರೇನು?" ಎಂದು ಕಾವಲಿನವನನ್ನು ಕೇಳಿದರು.

"ಅಲ್ಲಿ ಇಳಿದಿದ್ದೆಲ್ಲ ಅಂಗೀಕೃತ ಯಜಮಾನ್ರೆ. ಹಸಿರಾದ ದಿನಾನೇ ಮನಿಗೆ ಕಳಿಸ್ತೀವಿ. ಇಲ್ಲೀತನಕ ಆರು ತಿಂಗಳಿಗೆ ಮುಂಚೆ ಯಾರೂ ಆಗಿಲ್ಲ ಅಷ್ಟೇ."

"ರಾತ್ರಿ ಹಾಲು ಕೊಡ್ತೀರಂತೆ?"

"ಕೆನೆ ತೆಗೆದಿದ್ದು. ಅರ್ಧ ಲೋಟ. ಎಲ್ಲರಿಗೂ."

ಕೊಟ್ರೇಶಿ ಹೆಂಡತಿಯ ಕಡೆ ನೋಡಿದರು. ಚೀಲವನ್ನು ಎದೆಗವಚಿಕೊಂಡು ಹತ್ತಿ, ಬಾಗಿಲ ಬಳಿಯ ಕಂಬಿ ಹಿಡಿದು, ಒಳಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ಕಣ್ಣಲ್ಲೇ ಎಣಿಸಿದರು. ಆಮೇಲೆ ವ್ಯಾನಿನ ಪಕ್ಕೆಗೆ ಅಂಗೈಯಿಂದ ಎರಡು ಸಲ ತಟ್ಟಿದರು.

"ರೈಟ್."